ಗುಡುಗಿನ ಮೂರನೇ ದಿನ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಕರಿಕೆಯ ಕಡೆಗೆ ಸೊಸೆಯಾಗಿ ಬಂದೆ. ರಾಜ್ಯಗಳೇ ಒಂದಾದವು, ನನ್ನ ಎರಡು ಮನೆಗಳು ಆಗಲಿಲ್ಲ. ಮೊದಲ ಪಂಕ್ತಿಗೆ ಯಾರ ಕಡೆಯವರು ಕೂರಬೇಕೆಂದು ಮದುವೆಯ ದಿನವೇ ಮಾತಿಗೆ ಮಾತು ಬೆಳೆದಿತ್ತು. ಆಮೇಲೆ ತವರಿನ ಸುದ್ದಿ ಎತ್ತಿದರೆ ಅತ್ತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಎರಡು ಮನೆಗಳ ನಡುವೆ ಒಂದು ಕಾಡು. ಮೊದಲ ಮಳೆಯ ಗುಡುಗು ಬಂದ ಮೂರನೇ ದಿನ ಅಲ್ಲಿ ಅಣಬೆ ಏಳುತ್ತಿತ್ತು. ಮಾವನಿಗೆ ಅಣಬೆ ಸಾರೆಂದರೆ ಪ್ರಾಣ. ಅದೊಂದಕ್ಕೆ ಮಾತ್ರ ನಾನು ಒಬ್ಬಳೇ ಹೊರಗೆ ಹೋಗಬಹುದಿತ್ತು. ಆ ಕಡೆಯಿಂದ ಅಮ್ಮನೂ ಬುಟ್ಟಿ ಹಿಡಿದು ಬರುತ್ತಿದ್ದಳು. ಕಾಗದ ಬೇಡ, ಹೇಳಿಕೆ ಬೇಡ, ಗುಡುಗು ಎರಡೂ ಮನೆಗೆ ಕೇಳಿಸುತ್ತಿತ್ತಲ್ಲ! ತರಗೆಲೆ ಸರಿಸಿದರೆ ತಣ್ಣನೆಯ ಕಪ್ಪು ಮಣ್ಣು, ಅದರೊಳಗೆ ನೂಲಿನಂಥ ಬಿಳಿ ಎಳೆಗಳು.

"ಇದ್ ಅಣಬೆನ ಬೇರ್, ಎಳಿಬೇಡ" ಎಂದು ಅಮ್ಮ ನನ್ನ ಕೈ ಹಿಡಿಯುತ್ತಿದ್ದಳು. ಹಿಡಿದ ಕೈ ಬೇಗ ಬಿಡುತ್ತಿರಲಿಲ್ಲ.

ನಾಲ್ಕನೇ ವರ್ಷ ಮಾವ ಕಾಫಿ ಹಾಕಲು ಆ ಕಾಡನ್ನು ಕಡಿಸಿದರು. ಬಿಸಿಲು ಬಿದ್ದಷ್ಟೂ ಫಸಲು ಎಂದು ಯಾರೋ ಅವರ ಕಿವಿ ಊದಿದ್ದರು. ನೆರಳಿಗೆಂದು ಒಂದು ಮರವನ್ನೂ ಉಳಿಸಲಿಲ್ಲ. ಈಗ ಎಲ್ಲರೂ ಹವಾಮಾನ ಕೆಟ್ಟಿತು ಅನ್ನುತ್ತಾರೆ. ನನ್ನ ಬರಿಗಾಲಿಗೆ ಅದು ಅವತ್ತೇ ಗೊತ್ತಾಗಿತ್ತು. ಗುಡುಗಿನ ಮೂರನೇ ದಿನ ಹೋದರೆ ಮಣ್ಣು ಕಾದಿತ್ತು. ಅಮ್ಮನೂ ನಾನೂ ಕೆದಕಿದೆವು. ತರಗೆಲೆ ಕೊಳೆಯದೆ ಪುಡಿಯಾಗಿತ್ತು, ಬಿಳಿ ಎಳೆ ಒಂದೂ ಇರಲಿಲ್ಲ. ಮಣ್ಣಿಗೆ ಮಣ್ಣಿನ ವಾಸನೆಯೇ ಇರಲಿಲ್ಲ.

ಖಾಲಿ ಬುಟ್ಟಿ ಕಂಡು ಅತ್ತೆ ಕೇಳಿದರು: "ಅಣಬೆ ಇಲ್ಲದ ಕಡೆ ಇಷ್ಟೊತ್ತು ಎಂತ ಕೆಲ್ಸ?"

ಮರುವರ್ಷವೂ ಗುಡುಗಿತು. ನನ್ನನ್ನು ಕಳಿಸಲಿಲ್ಲ. ಅಮ್ಮ ಆ ಬಿಸಿಲಿನಲ್ಲಿ ಕಾಯುತ್ತಿರುತ್ತಾಳೆಂದು ಗೊತ್ತಿದ್ದೂ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದೆ. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಮರುದಿನ ಬುಟ್ಟಿ ಮಾರುವವಳೊಬ್ಬಳು ಬಾಳೆ ಎಲೆಯ ಪೊಟ್ಟಣ ತಂದಳು. "ನಿಮ್ಮ ಅಮ್ಮ ಕೊಟ್ಟದ್. ಹೊಳೆ ಆಚೆ ನೆರಳ್‌ಲಿ ಬೇಕಾದಷ್ಟು ಉಟ್ಟುಗಡ. ನೀವು ಬರೊಕುಗಡ."

ಪೊಟ್ಟಣದ ತುಂಬ ಅಣಬೆ, ಬುಡದಲ್ಲಿ ಇನ್ನೂ ತಣ್ಣನೆಯ ಕಪ್ಪು ಮಣ್ಣು. ಹೊಳೆಯಾಚೆ ಅಣಬೆ ಇದೆಯಂತೆ, ನಾನು ಬರಬೇಕಂತೆ; ಹೋಗಲು ದಾರಿ ಸಿಕ್ಕಿತೆಂದು ಹಿಗ್ಗಿದೆ. ಅಷ್ಟರಲ್ಲಿ ಅತ್ತೆ ಪೊಟ್ಟಣ ತೆಗೆದುಕೊಂಡು, ಮೂಸಿ ನೋಡಿ, ಮೊದಲ ಸಲ ಅಮ್ಮನನ್ನು ಹೊಗಳಿದರು.

"ಒಳ್ಳೆ ಹೆಂಗ್ಸ್. ಅಣಬೆ ಮನೆಗೇ ಬಂದುಟು, ಇನ್ನ್ ನೀ ಕಾಡ್‌ಗೆ ಹೋದು ಬೇಡ. ಮಸಾಲೆ ಅರಿ."

ಅರೆದೆ. ಬದುಕಿರುವವರೆಗೂ ಅಮ್ಮ ಪ್ರತಿ ವರ್ಷ ತಪ್ಪದೆ ಅಣಬೆ ಕಳಿಸಿದಳು. ಕಳಿಸಬೇಡ ಎಂದು ಹೇಳಿ ಕಳಿಸಲು ನನಗೆ ಮನಸ್ಸು ಬರಲಿಲ್ಲ.