ಸ್ವಿಚ್ಚಿನ ಮೇಲಿನ ಚೀಟಿ

ಅಡಾಪ್ಟರ್ ಕೆಲಸ ಮಾಡಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅದನ್ನು ಕೊನೆಯಲ್ಲಿಟ್ಟು ನನಗೆ ಅನುಕೂಲವಾಗುವಂತೆ ಕಥೆ ಕಟ್ಟಿಬಿಡುತ್ತೇನೆ.

ಯಾದಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಸುರಪುರದಲ್ಲಿ ಎಂಬ್ರಾಯಿಡರಿ ಅಂಗಡಿ ಇಟ್ಟಿದ್ದವನು ನನ್ನ ಹಳೆಯ ಸ್ನೇಹಿತ. ಬುರ್ಖಾದ ತೋಳು, ರವಿಕೆಯ ಬೆನ್ನು, ಟೋಪಿಯ ಅಂಚು, ಇವಕ್ಕೆ ಬೇಕಾದ ಬಳ್ಳಿಗಳನ್ನು ಅವನು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಮಷಿನ್ ಮುಂದೆ ನಿಂತು, ಗುಂಡಿ ಒತ್ತುತ್ತ, ಒಂದೊಂದೇ ಹೊಲಿಗೆಯಾಗಿ ಅದರೊಳಗೇ ಕೂಡಿಸಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮಷಿನ್ನಿನ ಪರದೆ ಮಸುಕಾಗತೊಡಗಿತು. ಅವನ ಹೆಂಡತಿ ಫೋನ್ ಮಾಡಿದರು.

"ಅಣ್ಣಾ, ಅವರ ಡಿಸೈನ್ ಎಲ್ಲಾ ಅದರಾಗೇ ಅದಾವ. ಅದೂ ಕಣ್ಣು ಮುಚ್ಚೋದ್ರೊಳಗ ತಗದು ಕೊಡ್ರಿ."

ಶಹಾಪುರದ ಮೇಲೆ ಹೋಗುವ ಬಸ್ಸು ಹಿಡಿದು ಸುರಪುರಕ್ಕೆ ಹೋದೆ. ಮಷಿನ್ನಿನ ಬೆನ್ನಿಗಿದ್ದದ್ದು ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ಪೋರ್ಟ್. ಈಗಿನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಎರಡರ ನಡುವೆ ನನ್ನ ನೀಲಿ ಯುಎಸ್‌ಬಿ ಅಡಾಪ್ಟರ್. ಅದರೊಳಗಿನ ಚಿಪ್ ನಕಲಿಯೆಂದು ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಹೊಸ ಡ್ರೈವರ್, ಒಪ್ಪಲಿಲ್ಲ. ಹುಡುಕಿ ಹಳೆಯ ಡ್ರೈವರ್ ಹಾಕಿದೆ. ಲ್ಯಾಪ್‌ಟಾಪು ಅಡಾಪ್ಟರಿಗೆ ಏಳನೆಯ ಪೋರ್ಟ್ ಎಂದು ನಂಬರ್ ಕೊಟ್ಟಿತು. ಎಂಬ್ರಾಯಿಡರಿಯ ಹಳೆಯ ಸಾಫ್ಟ್‌ವೇರಿಗೆ ನಾಲ್ಕರಾಚೆಗೆ ಲೆಕ್ಕ ಬಾರದು. ಸೆಟ್ಟಿಂಗಿನಲ್ಲಿ ಆ ಏಳನ್ನು ಎರಡು ಮಾಡಿದೆ. ಆಗ ಪರದೆಯ ಮೇಲೆ ಅಕ್ಷರಗಳು ಬಂದವು. ಯಾವ ಭಾಷೆಯವೂ ಅಲ್ಲ.

"ಏನಂತದ್ರಿ?" ಅವರು ಕೇಳಿದರು.

"ಮಾತಾಡಾಕತ್ತದ ಭಾಭಿ. ಏನಂತ ತಿಳಿವಲ್ದು."

"ಅವರೂ ಹಂಗೇ ಇದ್ರು," ಎಂದು ಚಹಾ ಮಾಡಲು ಒಳಗೆ ಹೋದರು.

ಯಾವುದೇ ಯಂತ್ರ ಹಟ ಹಿಡಿದರೆ ಆರಿಸಿ ಹಚ್ಚುವುದು ನಮ್ಮ ಕಸುಬಿನ ಮೊದಲ ಮದ್ದು. ಗೋಡೆಯ ಸ್ವಿಚ್ಚಿನ ಮೇಲೆ ಉರ್ದುವಿನಲ್ಲಿ ಬರೆದ ಒಂದು ಚೀಟಿ ಅಂಟಿಸಿತ್ತು. ನನಗೆ ಉರ್ದು ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಂಥ ಚೀಟಿಗಳನ್ನು ಎಷ್ಟೋ ಮನೆಗಳ ಬಾಗಿಲ ಮೇಲೆ ನೋಡಿದ್ದೇನೆ. ಯಾವುದೋ ಪ್ರಾರ್ಥನೆ, ದುವಾ, ಎಂದುಕೊಂಡೆ. ಕೈ ಅದಕ್ಕೆ ತಾಗದಂತೆ, ಮರ್ಯಾದೆಯಿಂದ, ಕೆಳಗಿನ ಸ್ವಿಚ್ ಒತ್ತಿದೆ. ಹತ್ತು ಎಣಿಸಿ ಮತ್ತೆ ಹಚ್ಚಿದೆ.

ಈ ಸಲ ಮಷಿನ್ ಸ್ವಚ್ಛವಾಗಿ ಮಾತಾಡಿತು. ಡಿಸೈನುಗಳ ಪಟ್ಟಿ ತೆರೆಯಿತು. ಪಟ್ಟಿಯಲ್ಲಿ ಏನೂ ಇರಲಿಲ್ಲ.

ಅವರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬಂದ್ ಮಾಡಿದ್ರೇನು?"

ನಾನು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

"ಅದರ ಒಳಗಿನ ಬ್ಯಾಟರಿ ಸತ್ತು ಭಾಳ ದಿನ ಆತ್ರಿ. ಕರೆಂಟ್ ಹೋದ್ರ ಎಲ್ಲಾ ಮರೀತದಂತ ಇನ್ವರ್ಟರ್ ಹಾಕಿಸಿದ್ರು. ಚೀಟಿ ಬರದಾರಲ್ಲ, ಬಂದ್ ಮಾಡಬ್ಯಾಡ್ರಿ ಅಂತ."

"ನಾ ದುವಾ ಅನ್ಕೊಂಡೆ."

"ದುವಾನೇ ಅದು," ಎಂದರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವರು ಮೊದಲು ಎಚ್ಚರಿಸಿರಲಿಲ್ಲ ಎಂದು ಅದು ಹೇಳುತ್ತದೆ. ಆದರೆ ನಾನು ಚಪ್ಪಲಿ ಬಿಡುವಾಗ ಅವರು ಸ್ವಿಚ್ಚಿನ ಕಡೆ ಕೈ ತೋರಿಸಿ ಏನೋ ಅಂದದ್ದು, ನಾನು ಹೂಂ ಅಂದದ್ದು, ಇದೂ ಅದರಲ್ಲೇ ಇದೆ. ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿದ್ದೇನೆ. ಈ ಸಂಗತಿಯನ್ನು ಇಬ್ಬರು ಮೂವರಿಗೆ ಹೇಳಿದ್ದೇನೆ. ಪ್ರತಿ ಸಲವೂ ಭಾಭಿ ಚಹಾ ತರುವುದು ಇನ್ನಷ್ಟು ತಡವಾಗುತ್ತದೆ. ಚೀಟಿಯ ಅಕ್ಷರ ಇನ್ನಷ್ಟು ಸಣ್ಣದಾಗುತ್ತದೆ.

ಅವರು ಬೈಯಲಿಲ್ಲ. ಕಪ್ಪನ್ನು ನನ್ನ ಮುಂದಿಟ್ಟು, ದಾರದ ಡಬ್ಬಿಯಿಂದ ಪೆನ್ನು ತೆಗೆದು ಕೊಟ್ಟರು.

"ಅದರ ಕೆಳಗ ಕನ್ನಡದಾಗ ಬರದು ಹೋಗ್ರಿ."

"ಈಗ್ಯಾಕ ಭಾಭಿ? ಅದರಾಗ ಏನೂ ಉಳಿದಿಲ್ಲ."

"ಬರೀರಿ."

ಚೀಟಿಯ ಕೆಳಗಿನ ಟೇಪಿನ ಮೇಲೆ ಮಸಿ ಹಿಡಿಯಲಿಲ್ಲ. ಬಂದ್ ಮಾಡಬ್ಯಾಡ್ರಿ ಎಂದು ತಿದ್ದಿ ತಿದ್ದಿ ಮೂರು ಸಲ ಬರೆದೆ. ಕೊನೆಯ ಅಕ್ಷರ ಮುಗಿಯುವವರೆಗೂ ಅವರು ಬೆನ್ನ ಹಿಂದೆ ನಿಂತಿದ್ದರು.