ನಾನೇ ಬರೆದುಕೊಂಡ ಮುನ್ನುಡಿ

ನನ್ನ ಮೊದಲ ಕಥಾಸಂಕಲನದಲ್ಲಿ ಜನ ಹೆಚ್ಚು ಮೆಚ್ಚಿಕೊಂಡದ್ದು ಮುನ್ನುಡಿಯನ್ನು. ಕಥೆಗಳ ಬಗ್ಗೆ ಒಂದೆರಡು ಒಳ್ಳೆಯ ಮಾತಾಡಿ, ಆಮೇಲೆ ಮುನ್ನುಡಿ ಮಾತ್ರ ಬಹಳ ಚೆನ್ನಾಗಿದೆ ಎಂದು ತಲೆದೂಗಿದವರು ಎಷ್ಟೋ ಮಂದಿ. ಅದರ ಕೆಳಗಿರುವ ಸಹಿ ನನ್ನ ಮೇಷ್ಟ್ರದು. ಬರೆದವಳು ನಾನು.

ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ನಾನು ಆರ್.ಟಿ. ನಗರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ವಾರಕ್ಕೆ ಆರು ದಿನ ಊರವರ ರಕ್ತ, ಮೂತ್ರ, ಕಫ. ಅದ್ಯಾವುದೂ ನನಗೆ ಅಸಹ್ಯ ಅನ್ನಿಸಿದ್ದಿಲ್ಲ. ಅಸಹ್ಯ ಅಂದರೆ ಏನೆಂದು ಕಲಿತದ್ದು ಏಳನೆಯ ದಿನದ ಸಹವಾಸದಲ್ಲಿ.

ಭಾನುವಾರ ಯಲಹಂಕ ನ್ಯೂ ಟೌನಿನಲ್ಲಿ ಮೇಷ್ಟ್ರ ಮನೆಯ ಮಹಡಿಯ ಮೇಲೆ ಕಥೆ ಬರೆಯುವವರ ಕಮ್ಮಟ ನಡೆಯುತ್ತಿತ್ತು. ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಕಥೆಗಾರರಾಗಿ ದೊಡ್ಡ ಹೆಸರು. ನಾವು ಎಂಟು ಜನ ಚಾಪೆಯ ಮೇಲೆ, ಅವರು ಬೆತ್ತದ ಕುರ್ಚಿಯ ಮೇಲೆ. ಅವರು ತಮಾಷೆ ಶುರು ಮಾಡುವ ಮೊದಲೇ ನಗಲು ಬಾಯಿ ತೆರೆದಿಟ್ಟುಕೊಂಡ ಶಿಷ್ಯರಿದ್ದರು. ಅವರು ಕಾಲು ಚಾಚಿದರೆ ದಿಂಬು ಸರಿಸುವವರಿದ್ದರು. ನಾನೂ ನಕ್ಕಿದ್ದೇನೆ, ದಿಂಬನ್ನೂ ಸರಿಸಿದ್ದೇನೆ. ಈಗ ನೆನೆದರೆ ಮೈ ಉರಿಯುತ್ತದೆ.

ಆದರೆ ಪಾಠ ಮಾತ್ರ ಅಪ್ಪಟ. ಅದನ್ನು ಅಲ್ಲಗಳೆದರೆ ನಾಲಿಗೆ ಸೇದಿಹೋದೀತು. ನನ್ನ ಮೊದಲ ಕಥೆ ಓದಿ, ಇದು ಎರಡನೆಯ ಪುಟದಲ್ಲಿ ಶುರುವಾಗುತ್ತದೆ, ಮೊದಲನೆಯದನ್ನು ಹರಿದು ಹಾಕು ಅಂದರು. ಹರಿದೆ, ಕಥೆಗೆ ಜೀವ ಬಂತು. ಒಬ್ಬಳು ಅತ್ತಳು ಎಂದು ಬರೆದಿದ್ದೆ. ಅತ್ತಳು ಅನ್ನುವುದು ನಿನ್ನ ತೀರ್ಪು, ಅವಳು ಸೆರಗನ್ನು ಏನು ಮಾಡಿದಳು ಅದನ್ನು ಬರಿ, ಓದುವವನು ತಾನಾಗಿ ಅಳುತ್ತಾನೆ ಅಂದರು. ಇವತ್ತಿಗೂ ಪೆನ್ನು ಹಿಡಿದರೆ ಅದೇ ದನಿ ಕಿವಿಯಲ್ಲಿ.

ಅವರದೊಂದು ಪದ್ಧತಿ ಇತ್ತು. ಓದಿ ಮುಗಿಸಿದ ಪ್ರತಿ ಪುಟದ ಬಲ ಮೇಲ್ತುದಿಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಟಿಕ್ ಹಾಕುತ್ತಿದ್ದರು. ಅವರು ನಮ್ಮನ್ನು ಓದಿದ್ದಾರೆ ಅನ್ನುವುದಕ್ಕೆ ಅದು ಗುರುತು. ನಾವು ಆ ಗೀಟಿಗಾಗಿ ಬದುಕುತ್ತಿದ್ದೆವು.

ಮೂರು ವರ್ಷದಲ್ಲಿ ಒಂಬತ್ತು ಕಥೆಗಳಾದವು. ಕೊನೆಯದು ನನ್ನ ಅವ್ವನದು. ಅವ್ವ ಬಾಗಲೂರಿನ ಕಡೆಯವಳು, ಓದು ಬರಹ ಬಾರದು. ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಳು ಹಿತಕುತ್ತ ಕೂತಿದ್ದಾಗ, ನನಗಿಂತ ಮೊದಲು ಹುಟ್ಟಿ ಇಪ್ಪತ್ತು ದಿನಕ್ಕೆ ಹೋದ ಮಗುವಿನ ಮಾತು ತೆಗೆದಳು. ಮಗುವನ್ನು ಮಣ್ಣು ಮಾಡಿ ಬಂದ ಸಂಜೆ ಎದೆಯಲ್ಲಿ ಹಾಲು ಕಟ್ಟಿತು. ಅತ್ತೆ ಕಿರಿಕಿರಿ ಮಾಡುತ್ತಾಳೆಂದು ಹಿತ್ತಿಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಹಿಂಡಿ, ಮೇಲೆ ಕಾಲಿಂದ ಮಣ್ಣು ಎಳೆದು, ಒಳಗೆ ಬಂದು ಮುದ್ದೆ ತಿರುವಿದಳು. ಮನೆಯಲ್ಲಿ ಯಾರೂ ಮತ್ತೆ ಆ ಮಗುವಿನ ಸುದ್ದಿ ಎತ್ತಲಿಲ್ಲ. ಇಷ್ಟನ್ನು ಹೇಳಿ ಅವ್ವ, ಬೇಕಿದ್ದರೆ ಬರಿ ಎಂದು ಅವರೆಕಾಳಿನ ಪಾತ್ರೆ ಎತ್ತಿಕೊಂಡು ಎದ್ದಳು. ಬರೆಯಲು ನನಗೆ ಹನ್ನೊಂದು ತಿಂಗಳು ಬೇಕಾಯಿತು. ಅದೊಂದನ್ನು ಕಮ್ಮಟದಲ್ಲಿ ಯಾರಿಗೂ ತೋರಿಸಿರಲಿಲ್ಲ.

ಪುಸ್ತಕ ಮಾಡಲು ಒಪ್ಪಿದವರು ಯಶವಂತಪುರದ ಮಾರ್ಕೆಟ್ಟಿನ ಹಿಂದೆ ಪ್ರೆಸ್ ಇಟ್ಟುಕೊಂಡಿದ್ದ ಪ್ರಕಾಶಕರು. ಕೊಳೆತ ಈರುಳ್ಳಿಯ ನಾತದ ನಡುವೆ ಕೂತು ಅವರು ನನ್ನ ಕಥೆಗಳನ್ನು ಕೈಯಿಂದ ತೂಗಿ ನೋಡಿದರು, ಓದಲಿಲ್ಲ. ನಿಮ್ಮ ಮೇಷ್ಟ್ರ ಮುನ್ನುಡಿ ತಂದರೆ ಪುಸ್ತಕ, ಇಲ್ಲದಿದ್ದರೆ ಇಲ್ಲ ಅಂದರು. ನನಗೆ ಅದರಲ್ಲೇನೂ ಕಷ್ಟ ಕಾಣಲಿಲ್ಲ. ಮೇಷ್ಟ್ರು ನನ್ನವರಲ್ಲವೇ?

ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಬಸ್ಸಿನ ಅವಸರದಲ್ಲಿ ಬಿಡಿಸಿ ನೋಡಲಿಲ್ಲ. ಮೇಷ್ಟ್ರ ಕೈಗೆ ಕೊಡುವಾಗ ಮೈಸೂರುಪಾಕಿನ ಡಬ್ಬಿಯೂ ಜೊತೆಗಿತ್ತು. ಬರಿಗೈಯಲ್ಲಿ ಹೋಗುವ ಪದ್ಧತಿ ಅಲ್ಲಿರಲಿಲ್ಲ. ಏಳು ತಿಂಗಳು ಕಾದೆ. ಹೋದಾಗಲೆಲ್ಲ ಅರ್ಧ ಓದಿದ್ದೇನೆ, ಮುಕ್ಕಾಲು ಓದಿದ್ದೇನೆ ಅನ್ನುತ್ತಿದ್ದರು. ಇತ್ತ ಅವ್ವ ಬೀದಿಯವರಿಗೆಲ್ಲ ತನ್ನ ಕಥೆ ಬುಕ್ಕಾಗುತ್ತದೆ ಎಂದು ಸಾರಿಕೊಂಡು ಬಂದಿದ್ದಳು. ಬಾಗಲೂರಿಗೂ ಸುದ್ದಿ ಮುಟ್ಟಿಸಿದ್ದಳು.

ಕೊನೆಗೆ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಮೇಷ್ಟ್ರು ಕಟ್ಟನ್ನು ನನ್ನ ಮಡಿಲಿಗೆ ಹಾಕಿದರು. ಪೂರ್ತಿ ಓದಿದ್ದೇನೆ, ಕೊನೆಯ ಕಥೆಯಂತೂ ಅಲುಗಾಡಿಸಿಬಿಟ್ಟಿತು ಅಂದರು. ನನ್ನ ಕಣ್ಣು ತುಂಬಿತು. ಆಮೇಲೆ ಅವರು ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಏನನ್ನೋ ಬೆರಳಿಂದ ಕೆದಕುತ್ತ ಹೇಳಿದರು:

"ನೋಡಮ್ಮ, ನಂಗೆ ಪುರುಸೊತ್ತಿಲ್ಲ. ಒಂದ್ ಮೂರ್ ಪುಟ ನೀನೇ ಬರ್ಕೊಂಡ್ ಬಾ. ನನ್ನ ಶೈಲಿ ನಿಂಗೆ ಗೊತ್ತಲ್ಲ. ಸಹಿ ಹಾಕ್ತೀನಿ."

ಬಸ್ಸು ಹೆಬ್ಬಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಕಟ್ಟನ್ನು ಬಿಚ್ಚಿದೆ. ಮೊದಲ ಪುಟದ ಬಲ ಮೇಲ್ತುದಿಯಲ್ಲಿ ಕೆಂಪು ಟಿಕ್. ಎರಡನೆಯದರಲ್ಲಿ, ಮೂರನೆಯದರಲ್ಲಿ, ಎಲ್ಲದರಲ್ಲೂ. ಎಂಟು ಕಥೆಗಳಲ್ಲಿ ಒಂದು ಅಕ್ಷರ ತಿದ್ದಿರಲಿಲ್ಲ. ಅಲ್ಲಲ್ಲಿ ತುಪ್ಪದ ಬೆರಳಿನ ಗುರುತು ಮಾತ್ರ. ಒಂಬತ್ತನೆಯ ಕಥೆಗೆ ಬಂದೆ. ಜೆರಾಕ್ಸ್ ಅಂಗಡಿಯವನು ಅದರ ಹದಿನೆಂಟು ಹಾಳೆಗಳನ್ನೂ ತಲೆಕೆಳಗಾಗಿ ಬೈಂಡ್ ಮಾಡಿದ್ದ. ಓದಬೇಕಾದರೆ ಕಟ್ಟನ್ನೇ ತಿರುಗಿಸಿ ಹಿಡಿಯಬೇಕು. ಮೇಷ್ಟ್ರು ತಿರುಗಿಸಿರಲಿಲ್ಲ. ತಲೆಕೆಳಗಾದ ಹದಿನೆಂಟು ಹಾಳೆಗಳಲ್ಲೂ ಟಿಕ್ ಮಾತ್ರ ನೆಟ್ಟಗೆ ನಿಂತಿತ್ತು, ಪ್ರತಿ ಪುಟದ ಕೊನೆಯ ಸಾಲು ಶುರುವಾಗುವ ಕಡೆ. ಹಾಳೆ ಮಗುಚುತ್ತ, ಮಗುಚುತ್ತ, ಗೀಚಿಕೊಂಡು ಹೋಗಿದ್ದರು.

ಕಟ್ಟನ್ನು ಮುಚ್ಚಿ ಚೀಲಕ್ಕೆ ತುರುಕಿದೆ.

ಆಗ ಬಿಟ್ಟುಬಿಡಬೇಕಿತ್ತು. ಪುಸ್ತಕವೂ ಬೇಡ, ಮಣ್ಣೂ ಬೇಡ ಎಂದು ಇದ್ದುಬಿಡಬೇಕಿತ್ತು. ಮೂರು ದಿನ ಹಾಗೆಯೇ ಇದ್ದೆ ಕೂಡ. ನಾಲ್ಕನೆಯ ದಿನ ಅವ್ವ, ಬುಕ್ಕು ಬರುವ ದಿನಕ್ಕೆಂದು ತೆಗೆದಿಟ್ಟ ರೇಷ್ಮೆ ಸೀರೆಗೆ ಫಾಲ್ ಹಾಕಿಸಿಕೊಂಡು ಬಂದಳು. ನಾನು ಅವ್ವನ ಮೇಲೆ ಹೊರಿಸುತ್ತಿಲ್ಲ. ಪುಸ್ತಕದ ಮೇಲೆ ನನ್ನ ಹೆಸರು ನೋಡುವ ಚಪಲ ನನ್ನದೇ.

ಲ್ಯಾಬಿನ ಊಟದ ವೇಳೆಯಲ್ಲಿ ಕೂತು ಬರೆದೆ. ಒಂದು ಗಂಟೆ ಹಿಡಿಯಿತು, ಅಷ್ಟೆ. ಅವರ ಉದ್ದುದ್ದ ವಾಕ್ಯಗಳು, ಅವರ 'ನೆಲದ ಕಸುವು', ಅವರ 'ಭರವಸೆಯ ದನಿ', ಒಂದೂ ತಡವರಿಸದೆ ಪೆನ್ನಿನಿಂದ ಇಳಿದವು. ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೇನೆ ಎಂಬ ನಾಚಿಕೆ ಮೊದಲ ಪುಟಕ್ಕೇ ಸತ್ತಿತು. ಆಮೇಲೆ ಬರೀ ಕಸುಬು. ಕೊನೆಯ ಕಥೆ ಓದಿ ಅವರು ಅತ್ತರೆಂದು ಬರೆಯಲು ಹೊರಟವಳು ತಡೆದುಕೊಂಡೆ. ಅತ್ತರು ಎಂದು ಬರೆಯಬಾರದೆಂದು ಅವರೇ ಕಲಿಸಿದ್ದರಲ್ಲ. 'ಕೊನೆಯ ಪುಟ ಮುಗಿಸಿ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು' ಎಂದು ಬರೆದೆ. ನಾನು ಬರೆದ ಸುಳ್ಳುಗಳಲ್ಲೆಲ್ಲ ಒಳ್ಳೆಯದು ಅದು.

ಮೇಷ್ಟ್ರು ಮೂರೂ ಪುಟಗಳನ್ನು ಓದಿದರು, ಇದನ್ನು ಮಾತ್ರ ನಿಧಾನವಾಗಿ, ಒಂದೊಂದೇ ಸಾಲು. ಒಂದು ಕಡೆ ಅಲ್ಪವಿರಾಮ ಹಾಕಿದರು. ಸಹಿ ಮಾಡಿ, ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

"ಚೆನ್ನಾಗೇ ಬರ್ದಿದೀನಿ," ಅಂದರು.

ತಮಾಷೆಗೆ ಅಂದದ್ದಲ್ಲ. ಮುಖ ನೋಡಿದೆ, ನಿಜವಾಗಿಯೂ ಹಾಗೆಂದೇ ನಂಬಿದ್ದರು.

ಬ್ಯಾಟರಾಯನಪುರದ ಒಂದು ಶಾಲೆಯ ಸಭಾಂಗಣದಲ್ಲಿ ಬಿಡುಗಡೆ. ಮೊದಲ ಸಾಲಿನಲ್ಲಿ ಅವ್ವ, ರೇಷ್ಮೆ ಸೀರೆಯಲ್ಲಿ. ಮೇಷ್ಟ್ರು ಶಾಲು ಹೊದ್ದು ಮಾತಿಗೆ ನಿಂತರು. ಮುನ್ನುಡಿಯನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಕರಿಬೇವಿನ ಗಿಡದ ಸಂಗತಿಯ ಬಗ್ಗೆ ಅದರಲ್ಲಿ ನಾನು ಎರಡು ಸಾಲು ಬರೆದಿದ್ದೆ, ಆ ಎರಡೇ ಸಾಲನ್ನು ಎಳೆದು ಎಳೆದು ಹೇಳಿದರು. ಕೊನೆಯ ಪುಟದ ಮಾತು ಬಂದಾಗ ದನಿ ತಗ್ಗಿಸಿದರು. ಕನ್ನಡಕ ತೆಗೆದರು. ಶಾಲಿನ ಅಂಚಿನಿಂದ ಒರೆಸಿದರು. ಹೂವಿನ ಹಾರ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ನನ್ನ ಮೇಲೆ ಬಂತು, ಯಾಕೆಂದರೆ ಒಳಗೊಳಗೇ, ಸಾಲು ಎಷ್ಟು ಚೆನ್ನಾಗಿ ಕೂತಿತು ಅಂದುಕೊಳ್ಳುತ್ತಿದ್ದೆ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮಾತು ಮುಗಿಯುತ್ತಲೇ ಮೆಟ್ಟಿಲು ಹತ್ತಿ ಬಂದು ಆ ಮನುಷ್ಯನ ಕಾಲು ಮುಟ್ಟಿದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು.

ಅದಾದ ವಾರ ಅವ್ವನ ಪಕ್ಕ ಕೂತು ಅವಳ ಕಥೆಯನ್ನು ಓದಿ ಹೇಳಲು ಶುರು ಮಾಡಿದೆ, ಪುಸ್ತಕದಲ್ಲಿ ನೆಟ್ಟಗಿರುವ ಒಂದನ್ನಾದರೂ ಅವಳು ಕೇಳಲಿ ಎಂದು. ಎರಡನೆಯ ಪುಟಕ್ಕೆ ನಿಲ್ಲಿಸಿದಳು.

"ಇದು ನಂಗೆ ಗೊತ್ತಿರಾದೇ. ನೀನ್ ಬರ್ದಿದ್ದು ಇರ್ಲಿ, ಅವ್ರು ಬರ್ದವ್ರಲ್ಲ, ಅದ್ನ ಓದು. ಆ ಮಗೀಗೆ ಇಷ್ಟು ವರ್ಸದಲ್ಲಿ ನನ್ನ ಬಿಟ್ರೆ ಯಾರೂ ಅತ್ತಿರ್ಲಿಲ್ಲ ಕಣೆ. ಆ ಪುಣ್ಯಾತ್ಮ ಅತ್ತವ್ರೆ."

ಪುಟ ಹಿಂದಕ್ಕೆ ತಿರುವಿ ಮುನ್ನುಡಿ ತೆಗೆದು ಓದಿದೆ. ಆ ಸಾಲು ಬಂದಾಗ ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಇನ್ನೊಂದು ಸಲ ಓದು ಅಂದಳು. ಓದಿದೆ.