ದೀಪ ಹಗುರಾದ ದಿನ

ಏಯ್, ಯಾರ್ಯಾರಿದ್ದೀರಿ ಆ ಕಡೆ? ಕಿಟಕಿಯಲ್ಲಿ ಇಣುಕುವವರು, ಮೆಟ್ಟಿಲ ಮೇಲೆ ಹರಟೆ ಹೊಡೆಯುವವರು, ಎಲ್ಲ ಸ್ವಲ್ಪ ಕಿವಿ ಕೊಡಿ! ಒಲೆಯ ಮೇಲೆ ಹಾಲಿಟ್ಟವರು ಮೊದಲು ಒಲೆ ಆರಿಸಿ ಬನ್ನಿ. ನಾನು ಹೇಳುವುದು ನಮ್ಮ ದೊಡ್ಡಮ್ಮನ ವಿಷಯ, ಅವಳ ಕತೆಯ ನಡುವೆ ನಿಮ್ಮ ಮನೆ ಹಾಲು ಉಕ್ಕಿದರೆ ಅದಕ್ಕೂ ಅವಳೇ ಹೆದರಬೇಕಾಗುತ್ತದೆ.

ಬೀದಿಯಲ್ಲಿ ಅವಳಿಗೆ ಅಯ್ಯಯ್ಯಮ್ಮ ಅಂತಲೇ ಹೆಸರು. ಬೆಕ್ಕು ಗೋಡೆ ಹಾರಿದರೆ ಅಯ್ಯಯ್ಯೋ, ಕುಕ್ಕರ್ ಕೂಗಿದರೆ ಅಯ್ಯಯ್ಯೋ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ಕೊನೆವರೆಗೂ ಹೋಗಿ, ವಾಪಸು ಬಂದು ಮತ್ತೆ ಜಗ್ಗುತ್ತಾಳೆ. ದೊಡ್ಡಪ್ಪ ತೀರಿಕೊಂಡದ್ದು ಮಧ್ಯಾಹ್ನದ ನಿದ್ದೆಯಲ್ಲಿ. ಆಮೇಲೆ ಇನ್ನೊಂದು ಚಾಳಿ ಅಂಟಿತು: ಮಲಗಿದವರ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯಾ ಎಂದು ನೋಡುವುದು. ಅವಳ ಒಬ್ಬಳೇ ಮಗಳು, ನಮ್ಮಕ್ಕ, ನಿದ್ದೆಗಣ್ಣಲ್ಲೇ ಆ ಬೆರಳು ತಳ್ಳುತ್ತಾಳೆ. "ಸತ್ತಿಲ್ಲ ಕಣಮ್ಮಾ, ಹೋಗಿ ಮಲ್ಕೋ."

ಇಂಥ ಪುಕ್ಕಲಿಗೆ ಬಂದ ಕೆಲಸ ನೋಡಿ. ಹಳೆಯ ರಂಗಮಂದಿರದಲ್ಲಿ, ಜನರ ತಲೆಯ ಮೇಲೆ ತೂಗುವ ದೊಡ್ಡ ದೀಪವನ್ನು ಇಳಿಸುವುದು, ಏರಿಸುವುದು. ದೊಡ್ಡಪ್ಪ ಮಾಡುತ್ತಿದ್ದ ಕೆಲಸ, ಅವರ ನಂತರ ಇವಳ ಪಾಲಿಗೆ ಬಂತು. ದೀಪವೆಂದರೆ ಸಣ್ಣದಲ್ಲ. ಹಿತ್ತಾಳೆಯ ಕೊಂಬೆಗಳು, ಗಾಜಿನ ಹೂವುಗಳು, ಒಂದು ಕೋಣೆಯಷ್ಟು ಅಗಲ. ಬಲ್ಬು ಸುಟ್ಟಾಗಲೆಲ್ಲ ನೆಲದವರೆಗೆ ಇಳಿಸಬೇಕು. ಚಾವಣಿಯ ಮೇಲಿನ ಕತ್ತಲೆ ಅಟ್ಟದಲ್ಲಿ ಹಿಡಿಕೆಯಿರುವ ಒಂದು ರಾಟೆ. ಅದರ ಮೇಲೆ ಹಾದುಹೋಗುವ ಉಕ್ಕಿನ ಹಗ್ಗದ ಒಂದು ತುದಿಗೆ ದೀಪ, ಇನ್ನೊಂದು ತುದಿಗೆ ಕಬ್ಬಿಣದ ಗುಂಡು. ಗುಂಡು ತೂಗುವುದು ಗೋಡೆಯೊಳಗಿನ ಬಾವಿಯಂಥ ಕಿಂಡಿಯಲ್ಲಿ. ತಕ್ಕಡಿ ಇದ್ದ ಹಾಗೆ: ದೀಪ ಇಳಿದರೆ ಗುಂಡು ಏರುತ್ತದೆ, ದೀಪ ಏರಿದರೆ ಗುಂಡು ಇಳಿಯುತ್ತದೆ. ದೀಪದ ತೂಕ ಒಂದು ತುಸು ಜಾಸ್ತಿ, ಅಷ್ಟೇ. ಹಾಗಾಗಿ ಒಬ್ಬಳೇ ಹೆಂಗಸು ತಿರುಗಿಸಬಹುದು.

ಆ ಕಿಂಡಿಯ ಬುಡದಲ್ಲಿ, ಸಭಾಂಗಣದ ಗೋಡೆಯಲ್ಲಿ, ಒಬ್ಬರು ನಿಲ್ಲುವಷ್ಟು ಗೂಡು ಇದೆ; ದೀಪ ಪೂರ್ತಿ ಏರಿದಾಗಲೂ ಗುಂಡು ಅದರ ನೆತ್ತಿಯ ಮೇಲೇ ನಿಲ್ಲುತ್ತದೆ. ದೀಪ ಅಲುಗಿದರೆ ಕೆಳಗಿರುವವರು ಗೂಡು ಸೇರಬೇಕು, ಇದು ಅಲ್ಲಿ ತಲೆಮಾರಿನಿಂದ ನಡೆದುಬಂದ ಕಟ್ಟಳೆ. ದೀಪ ಬಿದ್ದರೂ ಗೂಡಿನಲ್ಲಿ ತಲೆ ಉಳಿಯುತ್ತದಲ್ಲ! ಈ ಕಟ್ಟಳೆಯನ್ನು ದೊಡ್ಡಮ್ಮನಷ್ಟು ಗಟ್ಟಿಯಾಗಿ ಹಿಡಿದವರು ಇನ್ನೊಬ್ಬರಿಲ್ಲ.

ಅಕ್ಕ ವೈರಿಂಗ್ ಕಲಿತವಳು. ಹಳೇ ಬಲ್ಬು ತೆಗೆದು ಎಲ್ಇಡಿ ಹಾಕುವ ಕೆಲಸ ರಂಗಮಂದಿರದ ಮ್ಯಾನೇಜರು ಅವಳಿಗೇ ಕೊಟ್ಟರು. ಅವಳ ಖುಷಿಗೆ ಕಾರಣ ಬೇರೆ. "ಇವು ವರ್ಷಗಟ್ಲೆ ಉರೀತವೆ. ಇನ್ಮೇಲೆ ನೀನು ಆ ಅಟ್ಟ ಹತ್ತಿ ನಡುಗೋದು ಬೇಡಮ್ಮ. ಇದೇ ಕೊನೇ ಸಲ."

"ಕೊನೇ ಸಲ ಅನ್ಬೇಡವೇ, ಬಿಡ್ತು ಅನ್ನು" ಎಂದಳಂತೆ ದೊಡ್ಡಮ್ಮ.

ನಾನು ಅಲ್ಲಿರಲಿಲ್ಲ. ಆವತ್ತೇ ಇಬ್ಬರೂ ಹೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ.

ದೀಪವನ್ನು ಇಳಿಸಿ, ಅಲುಗದಿರಲೆಂದು ನೆಲಕ್ಕೆ ತಿರುಪು ಹಾಕಿದ ಕುರ್ಚಿಗಳ ಕಾಲಿಗೆ ನಾಲ್ಕೂ ಕಡೆ ಹಗ್ಗ ಬಿಗಿದಿದ್ದರು. ಅಕ್ಕ ಒಳಗಿನದನ್ನೆಲ್ಲ ಕಿತ್ತಳು. ಕುಂಬಳಕಾಯಿ ಗಾತ್ರದ ಬಲ್ಬುಗಳು, ಹಿತ್ತಾಳೆ ಹೋಲ್ಡರುಗಳು, ಮಣಿಕಟ್ಟಿನಷ್ಟು ದಪ್ಪದ ಹಳೇ ವೈರು. ಗೋಣಿಚೀಲ ತುಂಬಿ ತುಂಬಿ ಹಿಂಬಾಗಿಲಿಂದ ಸಾಗಿಸಿದರು. ಆ ಜಾಗಕ್ಕೆ ಬಂದದ್ದು ಅಂಗೈಯಲ್ಲಿ ಹಿಡಿಸುವ ಬಲ್ಬು, ದಾರದಂಥ ವೈರು. ಬೆಳಗಿಸಿ ನೋಡಿದರು, ಚೆನ್ನಾಗೇ ಬೆಳಗಿತು.

ಇನ್ನು ಏರಿಸಬೇಕು. ದೊಡ್ಡಮ್ಮ ಅಟ್ಟ ಹತ್ತಿ, ಚಾವಣಿಯ ತೂತಿನಿಂದ ಬಗ್ಗಿ ಕೂಗಿದಳು, "ಹಗ್ಗ ಬಿಚ್ಚಿದ್ಯೇನೇ? ಗೂಡಿಗೆ ಹೋಗು. ಹೋದ್ಯಾ? ಒಳಗೆ ಸರಿ, ಇನ್ನೂ ಒಳಗೆ."

"ಹೋದೆ ತಾಯಿ, ಗೋಡೆಗೆ ಅಂಟ್ಕೊಂಡಿದೀನಿ."

ಮ್ಯಾನೇಜರು ಬಾಗಿಲ ಹತ್ತಿರ ನಿಂತಿದ್ದರು.

ಹಿಡಿಕೆಯನ್ನು ತೊಲೆಗೆ ಕಟ್ಟಿದ್ದ ಹಗ್ಗ ಬಿಚ್ಚಿ, ದೊಡ್ಡಮ್ಮ ಒಂದು ಸುತ್ತು ತಿರುಗಿಸಿದಳು. ಯಾವಾಗಲೂ ಹೆಗಲು ಕೊಟ್ಟು ನೂಕಬೇಕಾದ ಹಿಡಿಕೆ, ಆವತ್ತು ಸುಮ್ಮನೆ ತಿರುಗಿತು. ಇನ್ನೊಂದು ಸುತ್ತು ಅವಳು ತಿರುಗಿಸಲಿಲ್ಲ, ಅದೇ ತಿರುಗಿತು! ರಾಟೆಗೊಂದು ಕೊಕ್ಕೆಯಿದೆ, ಆದರೆ ಅದು ತಡೆಯುವುದು ದೀಪ ಕೆಳಗೆ ಬೀಳುವುದನ್ನು. ದೀಪ ಮೇಲೆ ಹಾರಬಹುದು ಎಂದು ಯಾರಪ್ಪ ಯೋಚಿಸಿದ್ದರು? ಕೊಕ್ಕೆ ಕಟ್, ಕಟ್ ಎಂದು ಹಲ್ಲು ದಾಟತೊಡಗಿತು. ಅವಳು ಎರಡೂ ಕೈ ಹಾಕಿ, ಹಿಡಿಕೆಗೆ ಎದೆ ಕೊಟ್ಟು ನಿಲ್ಲಿಸಿದಳು.

ಆಗ ಅವಳ ಕಣ್ಣ ಮುಂದೆ ಬಂದದ್ದು ಹಿಂಬಾಗಿಲಿಂದ ಹೋದ ಗೋಣಿಚೀಲಗಳು. ದೀಪ ಹಗುರಾಗಿದೆ. ಗುಂಡು ಹಾಗೇ ಇದೆ. ಗುಂಡಿನ ಕೆಳಗೆ ಮಗಳು. ಅವಳನ್ನು ಅಲ್ಲಿ ನಿಲ್ಲಿಸಿದ್ದು ತಾನೇ.

"ಅಯ್ಯಯ್ಯೋ! ಆಚೆ ಬಾರೇ! ಗೂಡಿಂದ ಆಚೆ ಬಾ!"

ಕೆಳಗೆ ಅಕ್ಕ ನಕ್ಕಳಂತೆ. "ಶುರುವಾಯ್ತು ನೋಡಿ ಸಾರ್."

"ಅಮ್ಮಾವ್ರೇ, ದೀಪ ಇನ್ನೂ ಮೊಣಕಾಲುದ್ದ ಎದ್ದಿಲ್ಲ, ಆಗ್ಲೇ ಜೀವ ಬಾಯಿಗೆ ಬಂತಾ?" ಎಂದರು ಮ್ಯಾನೇಜರು.

"ಅಯ್ಯೋ ಬಾರೇ, ಸಾಯ್ತೀಯ ಕಣೇ!"

"ದಿನಾ ಸಾಯ್ತೀನಲ್ಲಮ್ಮ ನಿನ್ನ ಲೆಕ್ಕದಲ್ಲಿ. ನೀನು ತಿರುಗಿಸು."

ಹುಟ್ಟಿದಾಗಿನಿಂದ ಕೇಳಿದ ಕೂಗು. ಯಾರು ಲೆಕ್ಕಕ್ಕಿಡುತ್ತಾರೆ? ಹಿಡಿಕೆ ಜಾರುತ್ತಿತ್ತು. ಅಂಗೈ ಚರ್ಮ ಸುಲಿದು ಕಬ್ಬಿಣ ಒದ್ದೆಯಾಯಿತು. ಕಟ್. ಇನ್ನೊಂದು ಹಲ್ಲು. ಇಳಿದು ಓಡೋಣವೆಂದರೆ ಕೈ ಬಿಡುವ ಹಾಗಿಲ್ಲ. ಎಷ್ಟು ಜೋರಾಗಿ ಕೂಗಿದರೆ ಅಷ್ಟೂ ನಗುತ್ತಾರೆ. "ಆವಾಗ ಗೊತ್ತಾಯ್ತು ಕಣೋ" ಎಂದಳು ನನಗೆ, "ನನ್ನ ಭಯಾನೇ ನನ್ನ ಮಗೂನ ಅಲ್ಲಿ ನಿಲ್ಲಿಸಿದೆ ಅಂತ."

ಅವಳು ಉಸಿರು ಹಿಡಿದಳು. ಎದೆ ಹಿಡಿಕೆಗೆ ಒತ್ತಿಕೊಂಡೇ, ಅಂಗಡಿಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದಳು, "ಏನೂ ಭಯ ಇಲ್ಲ ಮಗಾ. ನೀನು ಹಾಗೇ ಬಾಗಿಲ ಕಡೆ ನಡೆದು ಹೋಗು."

ಅಲ್ಲಿಗೆ ನಿಂತಿತಂತೆ ಅಕ್ಕನ ನಗು. ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ಆ ಮಾತು ಅವಳು ಒಂದು ಸಲವೂ ಕೇಳಿರಲಿಲ್ಲ. ಭಯ ಇಲ್ಲ? ಅಮ್ಮನಿಗೆ? ನಡೆಯಲಿಲ್ಲ ಅವಳು, ಚಪ್ಪಲಿ ಬಿಟ್ಟು ಓಡಿದಳು.

ತೂತಿನ ಕೆಳಗೆ ಮಗಳ ನೆತ್ತಿ ದಾಟಿ, ಬಾಗಿಲು ಮುಟ್ಟಿದ್ದು ಕಂಡ ಮೇಲೆ ದೊಡ್ಡಮ್ಮನ ಕೈ ತಾನಾಗಿ ಬಿಟ್ಟುಹೋಯಿತು. ಹಿಡಿಕೆ ಚಕ್ರದ ಹಾಗೆ ತಿರುಗಿತು. ದೀಪ ಹಾರಿ ಚಾವಣಿಗೆ ಬಡಿಯಿತು, ಗಾಜಿನ ಹೂವುಗಳು ಖಾಲಿ ಕುರ್ಚಿಗಳ ಮೇಲೆ ಸುರಿದವು. ಆ ಹೊಡೆತಕ್ಕೆ ಗುಂಡಿನ ಕೊಂಡಿ ಕಿತ್ತು, ಗುಂಡು ಗೂಡಿನೊಳಗೆ ಬಿತ್ತು. ನೆಲದ ಕಲ್ಲು ಒಡೆಯಿತು. ಚಪ್ಪಲಿ ಅದರ ಕೆಳಗೇ ಇತ್ತು.

ಅಕ್ಕ "ತೂಕ... ತೂಕ ನೋಡ್ಲೇ ಇಲ್ಲ ನಾನು" ಎನ್ನುತ್ತಲೇ ಇದ್ದಳಂತೆ. ದೊಡ್ಡಮ್ಮ ಅಟ್ಟದಿಂದ ಇಳಿದು ಬಂದು, ಮಗಳ ಕೆನ್ನೆಗೆ ಒಂದು ಕೊಟ್ಟು, ಆಮೇಲೆ ಅತ್ತಳು. ಕೆನ್ನೆಯ ತುಂಬ ರಕ್ತ. ಅದು ದೊಡ್ಡಮ್ಮನ ಅಂಗೈಯದು.

ಸಂಜೆ ನಾನು ಹೋದಾಗ ದೊಡ್ಡಮ್ಮನ ಎರಡೂ ಕೈ ಬೆರಳ ತುದಿಯವರೆಗೆ ಬ್ಯಾಂಡೇಜು. ಟೀ ನಾನೇ ಕುಡಿಸಿದೆ. "ಬಾಗಿಲು ಜಗ್ಗಿ ನೋಡೋ" ಎಂದಳು, ನೋಡಿದೆ. "ಇನ್ನೊಂದ್ಸಲ" ಎಂದಳು, ಮರುಮಾತಿಲ್ಲದೆ ಇನ್ನೊಂದು ಸಲ ನೋಡಿದೆ. ಅಕ್ಕ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ದೊಡ್ಡಮ್ಮ ಅಭ್ಯಾಸದಂತೆ ಕೈ ಚಾಚಿ, ಬ್ಯಾಂಡೇಜು ನೋಡಿಕೊಂಡು, ಹಿಂದಕ್ಕೆಳೆದಳು. ಬಟ್ಟೆಗೆ ಉಸಿರು ಎಲ್ಲಿ ಗೊತ್ತಾಗಬೇಕು?

ಮೆಲ್ಲಗೆ ಮೊಣಕಾಲೂರಿ ಬಗ್ಗಿ, ಮಗಳ ಮೂಗಿನ ಹತ್ತಿರ ತನ್ನ ಕೆನ್ನೆ ಇಟ್ಟಳು. ಅಕ್ಕನಿಗೆ ಎಚ್ಚರವಿತ್ತು, ರೆಪ್ಪೆ ಅದುರುವುದು ನನಗೆ ಕಾಣುತ್ತಿತ್ತು. ತಳ್ಳಲಿಲ್ಲ. ಬೇಕೆಂದೇ ಜೋರಾಗಿ ಉಸಿರು ಬಿಟ್ಟಳು. ದೊಡ್ಡಮ್ಮ ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ದೀಪವನ್ನೂ ಆರಿಸದೆ, ಅಲ್ಲೇ ಪಕ್ಕದಲ್ಲಿ ಮುದುರಿ ಮಲಗಿಬಿಟ್ಟಳು.